‘ನಾಲ್ಕೂ ಹೊಸದು ಹಾಕಿಬಿಡೋಣ’ ಎಂದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸರ್ವಿಸ್ ಅಡ್ವೈಸರ್ ಮಹೋದಯರಿಗೆ,

ಇತ್ತ ನಾನೂ ನನ್ನ ಕಾರೂ ಕ್ಷೇಮ. ತಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯ ಕಾಣುವುದಿಲ್ಲ. ವಾಟ್ಸಾಪ್‌ನಲ್ಲಿ ತಾವು ಕಳಿಸಿದ ಎಸ್ಟಿಮೇಟು ನೋಡಿದವರಿಗೆ ಈ ತಿಂಗಳ ಟಾರ್ಗೆಟ್ಟು ಸುಖವಾಗಿ ಮುಟ್ಟಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ತಮ್ಮ ಹೆಸರನ್ನಾಗಲಿ, ತಮ್ಮ ವರ್ಕ್‌ಶಾಪಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಉಳಿದ ಊರುಗಳ ಅಡ್ವೈಸರುಗಳು ‘ಇದು ನಮಗಲ್ಲ’ ಎಂದು ಪುಟ ತಿರುವಿಬಿಟ್ಟಾರು ಎಂಬ ಭಯ.

ವಿಷಯ ತಮಗೆ ಮರೆತಿರಲಿಕ್ಕೂ ಸಾಕು. ನಾನು ಫೋನ್ ಮಾಡಿದ್ದು ಸಿನ್ನರ್‌ನಿಂದ. ಪುಣೆಯಿಂದ ಸಂಗಮನೇರ ದಾಟಿ ನಾಸಿಕ್‌ಗೆ ಹೋಗುವ ಹೆದ್ದಾರಿಯಲ್ಲಿ, ನಾಸಿಕ್ ಇನ್ನು ಸುಮಾರು 30 ಕಿ.ಮೀ. ಇದೆ ಎನ್ನುವಾಗ ಸಿಗುವ ಊರು. ತ್ರ್ಯಂಬಕೇಶ್ವರಕ್ಕೂ ಶಿರಡಿಗೂ ಸ್ವಂತ ಗಾಡಿಯಲ್ಲಿ ಹೋಗುವ ನಮ್ಮ ಕಡೆಯ ಅದೆಷ್ಟೋ ಮಂದಿ ಹಾಯುವ ದಾರಿ ಅದು. ಅಲ್ಲಿ ನನ್ನ 2014ರ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಬದಲು ಜರ್ಕು, ನಿಲ್ಲಿಸಿದರೆ ಸ್ಟೀರಿಂಗ್ ಸಮೇತ ನಡುಕ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಮಿಣಮಿಣ. ತಾವು ಇಷ್ಟನ್ನು ಕೇಳಿಸಿಕೊಂಡಿರಿ. ಎಂಜಿನ್ನಿನ ಸದ್ದು ಕೇಳಿಸಲೇ ಎಂದು ನಾನು ಬಾನೆಟ್ ಹತ್ತಿರ ಫೋನ್ ಹಿಡಿಯಲು ಹೋದೆ. ಅದರ ಅಗತ್ಯವೇ ಬೀಳಲಿಲ್ಲ.

“ಹಳೇ ಗಾಡಿ ಸರ್. ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಹೊಸದು ಹಾಕಿಬಿಡೋಣ. ಹಾಗೇ ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಇಪ್ಪತ್ಮೂರು ಸಾವಿರ ಚಿಲ್ಲರೆ ಆಗುತ್ತೆ. ಲೈಟಿಗೆಲ್ಲ ತಲೆ ಕೆಡಿಸ್ಕೋಬೇಡಿ, ಹುಬ್ಬಳ್ಳಿಗೆ ತನ್ನಿ, ನೋಡೋಣ. ಇಲ್ಲಾಂದ್ರೆ ಈಗ ಎಕ್ಸ್‌ಚೇಂಜ್ ಆಫರ್ ಚೆನ್ನಾಗಿದೆ ಸರ್.”

ಸುಮಾರು 600 ಕಿ.ಮೀ. ದೂರದಿಂದ, ಗಾಡಿಯ ಮುಖ ನೋಡದೆ, ಸದ್ದು ಕೇಳದೆ, ಒಂದು ನಿಮಿಷದೊಳಗೆ ರೋಗ, ಔಷಧ, ಬಿಲ್ಲು, ಅಂತ್ಯಸಂಸ್ಕಾರ ನಾಲ್ಕನ್ನೂ ಹೇಳಿ ಮುಗಿಸಿದ ತಮ್ಮ ಪ್ರತಿಭೆಗೆ ತಲೆಬಾಗಿ ಈ ಪತ್ರ.

ಮೊದಲು ಆ ದೀಪದ ವಿಚಾರ. ಎಂಜಿನ್ ದೀಪ ಸುಮ್ಮನೆ ಉರಿದರೆ ‘ಪುರುಸೊತ್ತು ಮಾಡಿಕೊಂಡು ತೋರಿಸು’ ಎಂದರ್ಥ. ಮಿಣುಕಿದರೆ ‘ಈಗಲೇ ನಿಲ್ಲಿಸು’ ಎಂದರ್ಥ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದಿದ್ದಾಗ ಅಲ್ಲಿ ಉರಿಯಬೇಕಿದ್ದ ಪೆಟ್ರೋಲು ಹಾಗೇ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಕೂತಿರುವುದು ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯ ವಿಷ ಕಳೆಯುವ ಆ ಡಬ್ಬಿಯೊಳಗೆ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಲೇಪನವಿದೆ. ಹಸಿ ಪೆಟ್ರೋಲು ಅಲ್ಲಿಗೆ ಹೋಗಿ ಉರಿದರೆ ಒಳಗಿನ ಜೇನುಗೂಡಿನಂಥ ಪಿಂಗಾಣಿ ಕಾದು ಕರಗಿ ಕಟ್ಟಿಕೊಳ್ಳುತ್ತದೆ. ಅದರ ಬೆಲೆಯ ಮುಂದೆ ತಮ್ಮ ಇಪ್ಪತ್ಮೂರು ಸಾವಿರ ಚಿಲ್ಲರೆ ನಿಜಕ್ಕೂ ಚಿಲ್ಲರೆಯೇ. ದೀಪಕ್ಕೆ ತಲೆ ಕೆಡಿಸಿಕೊಳ್ಳದೆ ಹುಬ್ಬಳ್ಳಿಯವರೆಗೆ ಓಡಿಸಿದ್ದರೆ ಎಸ್ಟಿಮೇಟಿಗೆ ಇನ್ನೊಂದು ಭಾರಿ ಸಾಲು ಸೇರುತ್ತಿತ್ತು. ತಮ್ಮ ದೂರದೃಷ್ಟಿ ಅಲ್ಲಿಯವರೆಗೂ ಹಾಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ದುರದೃಷ್ಟಕ್ಕೆ ಸಿನ್ನರ್‌ನಲ್ಲಿ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಎ.ಸಿ. ವೇಟಿಂಗ್ ಹಾಲ್ ಇಲ್ಲ, ಕಾಫಿ ಮೆಷಿನ್ ಇಲ್ಲ, ಟೈ ಕಟ್ಟಿದವರು ಯಾರೂ ಇಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಸಾಮಾನು ಹೊರುವ ಟೆಂಪೋಗಳ ನಡುವೆ ನನ್ನ ಕಾರಿಗೂ ಒಂದು ಜಾಗ ಮಾಡಿಕೊಟ್ಟರು. ಮೇಸ್ತ್ರಿ ಮರಾಠಿಯವನು, ನನ್ನ ಹುಬ್ಬಳ್ಳಿ ಮರಾಠಿ ಅವನಿಗೆ ಅರ್ಥವಾಯಿತು. “ಕಾಕಾ, ಹಿಂದೆ ಏನೇನು ಮಾಡಿಸಿದ್ದೀರಿ?” ಅಂದ. ತಮ್ಮಲ್ಲಿ ಇಷ್ಟು ವರ್ಷ ಗಾಡಿ ಬಿಟ್ಟಿದ್ದೇನೆ, ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕಳೆದ ಸರ್ವಿಸ್‌ನಲ್ಲಿ ಏನೇನಾಯಿತು ಎಂದು ಹೇಳುತ್ತಾ ಹೋದೆ. ಆಯಿಲ್, ಏರ್ ಫಿಲ್ಟರ್, ಜೊತೆಗೆ ತಾವು ಪ್ರೀತಿಯಿಂದ ಉಚಿತವಾಗಿ ಮಾಡಿಕೊಟ್ಟ ಎಂಜಿನ್ ವಾಶ್. ಆ ಕೊನೆಯ ಮಾತಿಗೆ ಅವನು ತಲೆ ಎತ್ತಿ ನೋಡಿದ. ಅದಕ್ಕೆ ಆಮೇಲೆ ಬರುತ್ತೇನೆ.

ಅವನು ಸ್ಟೀರಿಂಗ್ ಕೆಳಗೆ ಕೈ ಹಾಕಿ ಬೆರಳಷ್ಟು ದೊಡ್ಡ ಒಂದು ಸ್ಕ್ಯಾನರ್ ಸಿಕ್ಕಿಸಿದ. 2013ರ ಏಪ್ರಿಲ್‌ನಿಂದ ಇಲ್ಲಿನ ಕಾರುಗಳಿಗೆ ಒಬಿಡಿ-2 ಬಂದಿದೆಯಲ್ಲ, ಎಲ್ಲಿ ಏನು ತಪ್ಪುತ್ತಿದೆ ಎಂದು ಗಾಡಿಯೇ ಬರೆದಿಟ್ಟುಕೊಳ್ಳುತ್ತದೆ. ಮೊಬೈಲಿನಲ್ಲಿ ಪಿ-0303 ಎಂದು ಬಂತು. ಪಿ-0300 ಎಂದರೆ ಎಲ್ಲೆಂದರಲ್ಲಿ ಮಿಸ್ಸಿಂಗ್. ಕೊನೆಯ ಅಂಕಿ ಸಿಲಿಂಡರಿನ ನಂಬರು. ಅಂದರೆ ಮೂರನೆಯದು. ಉಳಿದ ಮೂರು ಸಿಲಿಂಡರುಗಳ ಮೇಲೆ ಕಾರಿಗೇ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ತಮಗೊಬ್ಬರಿಗೇ.

ಮೂರನೇ ಸಿಲಿಂಡರಿನಲ್ಲಿ ಕೆಟ್ಟದ್ದು ಕಾಯಿಲ್ಲೋ, ಪ್ಲಗ್ಗೋ, ಇಂಜೆಕ್ಟರೋ? ಅದನ್ನು ಕಂಡುಹಿಡಿಯಲು ಅವನು ಬಳಸಿದ ಉಪಕರಣ ಒಂದು ಹತ್ತು ನಂಬರ್ ಪಾನಾ. ಮೂರನೆಯ ಕಾಯಿಲ್ ಬಿಚ್ಚಿ ಒಂದಕ್ಕೆ ಹಾಕಿದ, ಒಂದರದ್ದನ್ನು ಮೂರಕ್ಕೆ. ಕೋಡ್ ಅಳಿಸಿದ. ಹತ್ತಿರದ ಮುಸಳಗಾವ್ ಕಡೆ ಒಂದು ಸುತ್ತು ಹೋಗಿ ಬಂದೆವು. ಈ ಸಲ ಪಿ-0301. ಕಾಯಿಲ್ ಎಲ್ಲಿ ಹೋಯಿತೋ ಕಾಯಿಲೆ ಅಲ್ಲಿಗೆ ಹೋಯಿತು. ಖರ್ಚು ಸೊನ್ನೆ. ಕಾಯಿಲ್ ಬದಲಿಸಿದರೂ ಮಿಸ್ಸಿಂಗ್ ಮೂರರಲ್ಲೇ ಉಳಿದಿದ್ದರೆ ಪ್ಲಗ್ಗುಗಳನ್ನು ಅದಲುಬದಲು ಮಾಡುತ್ತಿದ್ದ, ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್. ಈ ವಿದ್ಯೆಗೆ ಎಂಜಿನಿಯರಿಂಗ್ ಪದವಿ ಬೇಡ. ತಮ್ಮ ವರ್ಕ್‌ಶಾಪಿನ ಹುಡುಗರಿಗೂ ಇದು ಖಂಡಿತ ಗೊತ್ತು. ಮಾಡುವುದಕ್ಕೆ ಅವರಿಗೆ ಸಮಯ ಕೊಡುವವರು ಯಾರು ಎಂಬುದಷ್ಟೇ ಪ್ರಶ್ನೆ.

ಬಿಚ್ಚುವುದರಲ್ಲೂ ಒಂದು ನಾಜೂಕು ಕಂಡೆ, ತಮಗೆ ವರದಿ ಮಾಡಲೇಬೇಕು. ವರ್ಷಾನುಗಟ್ಟಲೆ ಎಂಜಿನ್ ಶಾಖದಲ್ಲಿ ಬೆಂದ ಕಾಯಿಲ್ ಕನೆಕ್ಟರಿನ ಪ್ಲಾಸ್ಟಿಕ್ ಲಾಕು ಮುಟ್ಟಿದರೆ ಚಟಕ್ಕನೆ ಮುರಿಯುವ ಸ್ಥಿತಿಯಲ್ಲಿರುತ್ತದೆ. ಹಳೆಯ ಕಾರುಗಳಲ್ಲಿ ಸುಲಭವಾಗಿ ಹಾಳಾಗುವುದು ಈ ಲಾಕು, ಅದೂ ಸ್ಕ್ರೂಡ್ರೈವರ್ ಹಾಕಿ ಮೀಟುವವರ ಕೈಯಲ್ಲಿ. ಅವನು ಕನೆಕ್ಟರನ್ನು ಮೊದಲು ಒಳಕ್ಕೆ ತುಸು ಒತ್ತಿ, ಲಾಕಿನ ಮೇಲಿನ ಬಿಗುವು ಸಡಿಲಿದ ಮೇಲೆ ಹೆಬ್ಬೆರಳಿನಲ್ಲಿ ಅದುಮಿ, ಹಿಂದಕ್ಕೆ ಎಳೆದ. ನಾಲ್ಕರಲ್ಲಿ ಒಂದೂ ಮುರಿಯಲಿಲ್ಲ.

ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಇಷ್ಟು ಪತ್ತೇದಾರಿಕೆ ಬೇಕಿರಲಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಇಡೀ ಗಾಡಿಗೆ ಒಂದೇ ಕಾಯಿಲ್. ಡಿಸ್ಟ್ರಿಬ್ಯೂಟರ್ ಅದರ ಕರೆಂಟನ್ನು ಸರದಿಯ ಮೇಲೆ ನಾಲ್ಕು ಪ್ಲಗ್ಗಿಗೂ ಹಂಚುತ್ತಿತ್ತು. ಬ್ಯಾಟರಿ ಮತ್ತು ಕಾಯಿಲ್ ಸೇರಿಸಿ ಕಿಡಿ ಹೊಡೆಸುವ ಆ ಏರ್ಪಾಟನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ 1910ರ ಕ್ಯಾಡಿಲಾಕ್ ಕಾರಿಗೆ ಒದಗಿಸಿದ್ದ, ಅದೇ ಸೂತ್ರ ನಮ್ಮ ಪದ್ಮಿನಿಯವರೆಗೂ ನಡೆದು ಬಂತು. ಕಾಯಿಲ್ ಹೋದರೆ ಗಾಡಿ ಪೂರ್ತಿ ನಿಲ್ಲುತ್ತಿತ್ತು, ಅನುಮಾನಕ್ಕೆ ಎಡೆಯೇ ಇಲ್ಲ. ಒಂದು ಸಿಲಿಂಡರ್ ಮಾತ್ರ ಸತ್ತಿದೆ ಎನಿಸಿದರೆ ಓಡುತ್ತಿರುವ ಎಂಜಿನ್ನಿನ ಮೇಲೆ ಒಂದೊಂದೇ ಪ್ಲಗ್ ವೈರ್ ಕೀಳುತ್ತಾ ಹೋಗುತ್ತಿದ್ದರು. ಯಾವುದನ್ನು ಕಿತ್ತರೆ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. (ಈಗಿನ ಕಾಯಿಲುಗಳಿಗೆ ಈ ಪ್ರಯೋಗ ಮಾಡಬೇಡಿ. ಹೋಗಲು ದಾರಿಯಿಲ್ಲದ ಹೈ ವೋಲ್ಟೇಜು ಕಾಯಿಲನ್ನೂ ಅದರ ಎಲೆಕ್ಟ್ರಾನಿಕ್ಸನ್ನೂ ಸುಡಬಹುದು.) ಈಗ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು, ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಒಂದು ಮಿಲಿಮೀಟರಿನ ಆಸುಪಾಸಿನ ಸಂದಿಯಲ್ಲಿ ಕಿಡಿ ಹಾರಿಸುವುದು ಅದರ ಕೆಲಸ. 3000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಕೊಡಬೇಕು. ಹೀಗೆ ವರ್ಷಗಟ್ಟಲೆ ದುಡಿದು ಸುಸ್ತಾದ ಒಂದು ಕಾಯಿಲಿಗಾಗಿ, ಇನ್ನೂ ದುಡಿಯುತ್ತಿರುವ ಮೂರನ್ನು ಸೇವೆಯಿಂದ ವಜಾ ಮಾಡುವುದು ತಮ್ಮ ಸಮಾನತಾ ಸಿದ್ಧಾಂತ.

ಪ್ಲಗ್ ಬಿಚ್ಚುವುದಕ್ಕೆ ಮಾತ್ರ ಎಂಜಿನ್ ತಣ್ಣಗಾಗಬೇಕು ಎಂದ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಬಿಸಿಯಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ ಪ್ಲಗ್ಗಿನ ಜೊತೆ ಎದ್ದು ಬರುತ್ತದೆ. ಹೊಸ ಕಾಯಿಲೂ ನಾಸಿಕ್‌ನಿಂದ ಬರಬೇಕಿತ್ತು. ಹಾಗಾಗಿ ನಡುವೆ ಸಿಕ್ಕ ಸಮಯದಲ್ಲಿ ಊರೊಳಗಿನ ಗೊಂಡೇಶ್ವರ ದೇವಾಲಯ ನೋಡಿಬಂದೆ. 12ನೇ ಶತಮಾನದ ಯಾದವರ ಕಾಲದ ಕಟ್ಟಡ. ಈ ಸಿನ್ನರನ್ನೇ ಹಳೆಯ ಸೇವುಣಪುರ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಸೇವುಣರೆಂದೂ ಕರೆಸಿಕೊಳ್ಳುವ ಈ ಯಾದವರು ಇಲ್ಲಿಂದ ಬೆಳೆದು, ಐದನೇ ಭಿಲ್ಲಮನ ಕಾಲಕ್ಕೆ ದೇವಗಿರಿಯನ್ನು, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ದೌಲತಾಬಾದನ್ನು ರಾಜಧಾನಿ ಮಾಡಿಕೊಂಡರು. ಅವರ ಕನ್ನಡ ಶಾಸನಗಳು ರಾಶಿಗಟ್ಟಲೆ ಇವೆ. ಧಾರವಾಡದ ಶ್ರೀನಿವಾಸ ರಿತ್ತಿಯವರು ಈ ವಂಶದ ಮೇಲೆ 1973ರಲ್ಲೇ ಗ್ರಂಥ ತಂದರು. ಕನ್ನಡಿಗನ ಕಾರು ಕೆಟ್ಟು ನಿಲ್ಲುವುದಕ್ಕೆ ಇದಕ್ಕಿಂತ ಯೋಗ್ಯ ಊರು ಆ ಹೆದ್ದಾರಿಯಲ್ಲಿ ಇನ್ನೊಂದಿಲ್ಲ. ಗೊಂಡೇಶ್ವರ ಪಂಚಾಯತನ: ನಡುವೆ ಶಿವ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಗುಡಿ. ಸಣ್ಣ ಗುಡಿಯೊಂದರ ಕಲ್ಲು ಸವೆದದ್ದನ್ನು ನೋಡುತ್ತಾ ತಮ್ಮನ್ನು ನೆನೆದೆ. ಪುರಾತತ್ವ ಇಲಾಖೆಯ ಬದಲು ಅಲ್ಲಿ ತಾವಿದ್ದಿದ್ದರೆ “ಹಳೇ ಗುಡಿ ಸರ್, ನಾಲ್ಕೂ ಹೊಸದು ಹಾಕಿಬಿಡೋಣ” ಎಂದು ಯಾವತ್ತೋ ಮುಗಿಸಿರುತ್ತಿದ್ದಿರಿ.

ಹಿಂತಿರುಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಪ್ಲಗ್ ಕುಳಿಗಳಿಗೆ ಗಾಳಿ ಹೊಡೆದು, ಧೂಳು ಸಿಲಿಂಡರೊಳಗೆ ಬೀಳದಂತೆ ನೋಡಿಕೊಂಡು, ನಾಲ್ಕೂ ಪ್ಲಗ್ ಬಿಚ್ಚಿ ಒಂದು ಮರಾಠಿ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟಿದ್ದ. ಒಂದು, ಎರಡು, ನಾಲ್ಕನೆಯವು ತಿಳಿಕಂದು ಬಣ್ಣ, ಆರೋಗ್ಯದ ಗುರುತು. ಮೂರನೆಯದು ಕಪ್ಪಗೆ, ಒದ್ದೆಯಾಗಿ, ಪೆಟ್ರೋಲ್ ವಾಸನೆ. ಅದರ ಬಿಳಿ ಪಿಂಗಾಣಿಯ ಮೇಲೆ, ಮೇಲಿನಿಂದ ಕೆಳಗೆ, ಸಣ್ಣ ಕಪ್ಪು ಗೆರೆ. ಕಿಡಿ ತಾನು ಹಾರಬೇಕಾದ ಸಂದಿಯಲ್ಲಿ ಹಾರದೆ ಪಿಂಗಾಣಿಯ ಮೈಮೇಲೆ ಹರಿದು ಪ್ಲಗ್ಗಿನ ಲೋಹದ ಭಾಗಕ್ಕೆ ಇಳಿದ ಹಾದಿ ಅದು. ಒಮ್ಮೆ ಗೆರೆ ಮೂಡಿತೆಂದರೆ ಕರೆಂಟು ಮತ್ತೆ ಮತ್ತೆ ಅದೇ ಹಾದಿ ಹಿಡಿಯುತ್ತದೆ. ಕಾಯಿಲಿನ ರಬ್ಬರ್ ಬೂಟಿನೊಳಗೂ ಅದೇ ಗೆರೆಯ ಜೋಡಿ. ಬೂಟಿನೊಳಗಿನ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು, ಕುಳಿಯ ಅಡಿಯಲ್ಲಿ ನೀರು ನಿಂತು ಒಣಗಿದ ತುಕ್ಕಿನ ಕಲೆ.

ಈಗ ತಮ್ಮ ಉಚಿತ ಎಂಜಿನ್ ವಾಶಿಗೆ ಬರೋಣ. ಪ್ರೆಷರ್ ಪೈಪಿನಲ್ಲಿ ಬಾನೆಟ್ ಒಳಗೆ ಚಿಮ್ಮಿಸಿದ ನೀರು, ಗಟ್ಟಿಯಾಗಿ ಬಿರುಕು ಬಿಟ್ಟ ಹಳೆಯ ರಬ್ಬರಿನ ಅಂಚಿನಿಂದ ಇಳಿದು ಮೂರನೇ ಕುಳಿಯಲ್ಲಿ ಕೂತಿತು. ಮಳೆಗಾಲದಲ್ಲೂ ಬಾರದ ನೀರನ್ನು ತಾವು ತಂದು ತುಂಬಿದಿರಿ. ಎಂಜಿನ್ ಫಳಫಳ ಹೊಳೆಯುವ ಫೋಟೋ ಕೂಡ ಕಳಿಸಿದ್ದಿರಿ, ಅದು ನನ್ನ ಫೋನಿನಲ್ಲಿ ಇನ್ನೂ ಇದೆ. ಉಚಿತವಾಗಿ ಕೊಟ್ಟದ್ದನ್ನು ನಾಲ್ಕು ಕಾಯಿಲಿನ ಬೆಲೆಗೆ ವಾಪಸು ಪಡೆಯುವ ಈ ವ್ಯವಹಾರ ಜಾಣ್ಮೆ ಮೆಚ್ಚಬೇಕಾದ್ದೇ.

ಮೂರನೆಯ ಕಾಯಿಲನ್ನು ಕೈಯಲ್ಲಿ ತೂಗುತ್ತಾ ಮೇಸ್ತ್ರಿ ನಕ್ಕ. ಸಿನ್ನರ್ ಬಳಿ 1350 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವೊಂದಿದೆ, ಕೊಳ್ಳುವ ಒಪ್ಪಂದವಿಲ್ಲದೆ ಅದು ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು. “ಅಷ್ಟು ದೊಡ್ಡದೇ ಕರೆಂಟ್ ಕೊಡದೆ ಕೂತಿತ್ತು ಕಾಕಾ, ನಿಮ್ಮದೊಂದು ಕಾಯಿಲ್ ಏನು ಮಹಾ!”

ಹೊಗಳುತ್ತಾ ಹೋದರೆ ತಮಗೆ ಅನ್ಯಾಯವಾದೀತು, ಆದ್ದರಿಂದ ಒಂದು ಮಾತು ನೇರವಾಗಿ ಹೇಳುತ್ತೇನೆ. ಪ್ಲಗ್ಗುಗಳ ವಿಷಯದಲ್ಲಿ ತಾವು ಹೇಳಿದ್ದು ಸರಿ. ನಾಲ್ಕೂ ಒಟ್ಟಿಗೆ ಹಾಕಿದವು, ಒಟ್ಟಿಗೇ ಸವೆದಿದ್ದವು. ಮಧ್ಯದ ತುದಿ ದುಂಡಗಾಗಿ ಗ್ಯಾಪು ಅಗಲವಾಗಿತ್ತು. ಗ್ಯಾಪು ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು, ಆ ಹೊರೆ ಬೀಳುವುದು ಕಾಯಿಲಿನ ಮೇಲೆ. ಹಳೆಯ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದರೆ ಅದಕ್ಕೂ ಅದೇ ಗತಿ. ಮಾಮೂಲಿ ನಿಕ್ಕಲ್ ಪ್ಲಗ್ಗಿಗೆ ಮೂವತ್ತು, ನಲವತ್ತು ಸಾವಿರ ಕಿ.ಮೀ. ಆಯುಷ್ಯ, ಇರಿಡಿಯಂ ಆದರೆ ಅದರ ದುಪ್ಪಟ್ಟಿಗೂ ಮೀರಿ. ಅಷ್ಟು ಓಡಿದ ಮೇಲೆ ಗಾಡಿ ತೊಂದರೆ ಕೊಡದಿದ್ದರೂ ನಾಲ್ಕನ್ನೂ ಬದಲಿಸಬೇಕು. ಇದನ್ನು ತಾವು ಕಳೆದ ಸರ್ವಿಸ್‌ನಲ್ಲೇ ಹೇಳಿದ್ದರೆ ನಾನು ಮರುಮಾತಿಲ್ಲದೆ ಹಾಕಿಸುತ್ತಿದ್ದೆ. ಆಗ ತಾವು ಹೇಳಿದ್ದು ಪಾಲಿಶಿಂಗ್ ಪ್ಯಾಕೇಜು.

ನಾಸಿಕ್‌ನ ಅಂಗಡಿಯವನು ಫೋನಿನಲ್ಲಿ ಬೇರೆ ಕಂಪನಿಯ ಪ್ಲಗ್ ತೋರಿಸಿ “ಇದೂ ಕೂರುತ್ತೆ” ಅಂದನಂತೆ. ಕೂರುವುದೇನೋ ಹೌದು, ಥ್ರೆಡ್ ಒಂದೇ. ಆದರೆ ಪ್ಲಗ್ಗಿಗೆ ಹೀಟ್ ರೇಂಜ್ ಅಂತ ಇದೆ, ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಎಂಬ ಲೆಕ್ಕ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ‘ತಂಪು’, ಬಾಷ್‌ನಲ್ಲಿ ಅಂಕಿ ಏರಿದಷ್ಟೂ ‘ಬಿಸಿ’. ಅಂಕಿ ಹೊಂದಿಸಿ ಕೊಂಡವನಿಗೆ ಎಡವಟ್ಟು ಖಾತ್ರಿ. ಬೆಂಗಳೂರಿನವರಿಗೆ ಈ ಬಾಷ್ ಹೊಸದೇನಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು. ಆಡುಗೋಡಿಯ ಮೈಕೋ ಪ್ಲಗ್ಗು ಹಾಕದ ಸ್ಕೂಟರು, ಕಾರು ಒಂದು ಕಾಲಕ್ಕೆ ಅಪರೂಪ. ಅದೇ ಕಂಪನಿಗೆ ನಾಸಿಕ್‌ನಲ್ಲೂ ದೊಡ್ಡ ಕಾರ್ಖಾನೆಯಿದೆ. ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಇದೆ. 2003ರಲ್ಲಿ ಪಲ್ಸರ್‌ನ ಒಂದೇ ಸಿಲಿಂಡರಿಗೆ ಎರಡೆರಡು ಪ್ಲಗ್ ಹಾಕಿ ಮಾರಿದವರು ಅವರು. ಎರಡು ಪ್ಲಗ್ ಯಾಕೆ ಎಂಬುದಕ್ಕೆ ಅವರ ಹತ್ತಿರ ಕಾರಣವಾದರೂ ಇತ್ತು.

ಹೊಸ ಪ್ಲಗ್ಗುಗಳನ್ನು ಅವನು ಪಾನಾದಲ್ಲಿ ತಿರುಗಿಸಿ ಕೂರಿಸಲಿಲ್ಲ. ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ, ಬೆರಳಿನಲ್ಲೇ ಕೊನೆಯವರೆಗೂ ತಿರುಗಿಸಿದ. ಥ್ರೆಡ್ ಅಡ್ಡಡ್ಡ ಹಿಡಿದರೆ ರಬ್ಬರ್ ತಾನೇ ಜಾರುತ್ತದೆ, ಹೆಡ್ಡು ಉಳಿಯುತ್ತದೆ. ಆಮೇಲೆ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿ. ಕುಳಿ ಒರೆಸಿ ಒಣಗಿಸಿದ, ಬೂಟಿನ ಬಾಯಿಗೆ ಸಿಲಿಕೋನ್ ಗ್ರೀಸ್ ಸವರಿದ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿ ಕುಳಿಗೆ ಆಯಿಲ್ ಇಳಿದಿದೆಯೇ ಎಂದು ಟಾರ್ಚ್ ಹಾಕಿ ನಾಲ್ಕನ್ನೂ ನೋಡಿದ, ಇಳಿದಿರಲಿಲ್ಲ. ಇಳಿದಿದ್ದರೆ ಪ್ಯಾಕಿಂಗ್ ಬದಲಿಸದೆ ಕಾಯಿಲ್ ಬದಲಿಸುವುದು ದಂಡ.

ಒಂದು ಕಾಯಿಲ್, ನಾಲ್ಕು ಇರಿಡಿಯಂ ಪ್ಲಗ್, ಮಜೂರಿ ಸೇರಿ ಐದು ಸಾವಿರ ಚಿಲ್ಲರೆ. ಪ್ಲಗ್ಗು, ಕಾಯಿಲುಗಳ ಖಾಲಿ ಡಬ್ಬಿ, ಹಳೆಯ ಮಾಲು ಎರಡನ್ನೂ ಕೇಳದೆಯೇ ಡಿಕ್ಕಿಯಲ್ಲಿಟ್ಟ. ಅಲ್ಲಿಂದ ಮೋಹದರಿ ಘಾಟ್ ದಾಟಿ ನಾಸಿಕ್, ತ್ರ್ಯಂಬಕ ನೋಡಿ, ಹುಬ್ಬಳ್ಳಿಗೆ ಬಂದೆ. ದೀಪ ಮತ್ತೆ ಹತ್ತಿಲ್ಲ. ಉಳಿದ ಮೂರು ಹಳೆಯ ಕಾಯಿಲುಗಳು ದುಡಿಯುತ್ತಿವೆ. ಅವೂ ಒಂದಲ್ಲ ಒಂದು ದಿನ ಹೋಗುತ್ತವೆ. ಹೋದ ದಿನ, ಹೋದದ್ದನ್ನು ಬದಲಿಸುತ್ತೇನೆ.

ಸಿಟ್ಟು ತಮ್ಮೊಬ್ಬರ ಮೇಲಲ್ಲ. ತಮ್ಮ ಬಿಲ್ಲಿನ ಲೆಕ್ಕವೇ ಹಾಗಿದೆ. ಕಾಯಿಲಿಗೆ ಪಾರ್ಟ್ ನಂಬರ್ ಇದೆ, ಬೆಲೆ ಇದೆ, ಇನ್ಸೆಂಟಿವ್ ಇದೆ. ಒಂದು ಕಾಯಿಲನ್ನು ಒಂದರಿಂದ ಮೂರಕ್ಕೆ ಹಾಕಿ ನೋಡಿದ ಬುದ್ಧಿಗೆ ಪಾರ್ಟ್ ನಂಬರ್ ಇಲ್ಲ. ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು ತಪ್ಪು ಹುಡುಕಿದ ಹುಡುಗನಿಗೆ ಸಂಜೆ ‘ಇವತ್ತು ಎಷ್ಟು ಗಾಡಿ ಇಳಿಸಿದೆ?’ ಎಂಬ ಬೈಗುಳ. ಹುಡುಕದೆ ನಾಲ್ಕೂ ಬದಲಿಸಿದವನಿಗೆ ಶಹಭಾಸ್. ಗಿರಾಕಿಗಳಾದ ನಾವೂ ಕಡಿಮೆಯೇನಲ್ಲ. ಡಬ್ಬಿಯಲ್ಲಿ ಬಂದ ಸಾಮಾನಿಗೆ ಎರಡು ಸಾವಿರ ಎಣಿಸುವವರು, ಕಂಡುಹಿಡಿದವನು ಇನ್ನೂರು ಕೇಳಿದರೆ ‘ಏನು ಮಾಡಿದ್ದಕ್ಕೆ?’ ಎಂದು ಜಗಳಕ್ಕೆ ನಿಲ್ಲುತ್ತೇವೆ.

ಆದ್ದರಿಂದ ನನ್ನ ಅರ್ಜಿ ಇಷ್ಟು. ತಮ್ಮ ಎಸ್ಟಿಮೇಟಿನಲ್ಲಿ ‘ತಪ್ಪು ಪತ್ತೆ ಹಚ್ಚಿದ್ದಕ್ಕೆ’ ಎಂದು ಒಂದು ಸಾಲು ಸೇರಿಸಿ, ಮುಂದೆ ಮರ್ಯಾದೆಯ ಮೊತ್ತ ಬರೆಯಿರಿ. ಚೌಕಾಸಿ ಮಾಡದೆ ಕೊಡುತ್ತೇನೆ, ಆ ದುಡ್ಡು ಪತ್ತೆ ಹಚ್ಚಿದ ಹುಡುಗನ ಕೈಗೆ ಹೋಗಲಿ. ಪ್ಲಗ್ ಬದಲಿಸುವ ಕಿ.ಮೀ. ಬಂದಾಗ ಮುಂಚೆಯೇ ಹೇಳಿ. ಮಿಣುಕುವ ದೀಪದ ಜೊತೆ ಗಾಡಿ ಓಡಿಸಲು ಯಾರಿಗೂ ಹೇಳಬೇಡಿ. ನಾಸಿಕ್‌ನಲ್ಲಿ 2027ರ ಸಿಂಹಸ್ಥ ಕುಂಭ ಬರುತ್ತಿದೆ, ನಮ್ಮ ಕಡೆಯ ಹಳೆಯ ಕಾರುಗಳು ಸಾಲುಗಟ್ಟಿ ಆ ದಾರಿ ಹಿಡಿಯಲಿವೆ, ಎಲ್ಲರಿಗೂ ಸಿನ್ನರ್‌ನಲ್ಲೇ ಕೆಟ್ಟು ನಿಲ್ಲುವ ಅದೃಷ್ಟ ಇರುವುದಿಲ್ಲ.

ಇದನ್ನು ಓದುತ್ತಿರುವ ಹಳೆಯ ಪೆಟ್ರೋಲ್ ಕಾರಿನ ಮಾಲೀಕರಿಗೂ ಒಂದು ಮಾತು: ಗಾಡಿ ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನ ಮೇಲೆ ‘ಎಂಜಿನ್ ವಾಶ್ ಬೇಡ’ ಮತ್ತು ‘ಬಿಚ್ಚಿದ ಹಳೆಯ ಪಾರ್ಟ್ಸ್ ವಾಪಸ್ ಕೊಡಬೇಕು’ ಎಂದು ಎರಡು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ.

ಇಂತಿ,
ತಮ್ಮ 2014ರ ಮಾಡೆಲ್‌ನ ಗ್ರಾಹಕ, ಹುಬ್ಬಳ್ಳಿ